ಸಾಗುವಾನಿಯಿಂದ ಲಿಥಿಯಂವರೆಗೆ: ಕಚ್ಚಾವಸ್ತು ಕಾಯುವ ಕಚೇರಿಗಳ ಕಥೆ

ದಾಂಡೇಲಿಯ ಮರದ ಡಿಪೋದಲ್ಲಿ ಸಾಲಾಗಿ ಮಲಗಿಸಿದ ಸಾಗುವಾನಿ ದಿಮ್ಮಿಗಳ ತುದಿಯನ್ನು ಹತ್ತಿರದಿಂದ ನೋಡಿದರೆ, ಸುತ್ತಿಗೆಯಿಂದ ಒತ್ತಿದ ಒಂದು ಮುದ್ರೆಯೂ ಬಣ್ಣದಲ್ಲಿ ಬರೆದ ಕೆಲವು ಅಂಕೆಗಳೂ ಕಾಣುತ್ತವೆ. ದಿಮ್ಮಿಯ ಸಂಖ್ಯೆ, ಉದ್ದ, ಸುತ್ತಳತೆ ಆ ಅಂಕೆಗಳಲ್ಲಿರುತ್ತವೆ. ಮರ ಕಾಡಿನ ಯಾವ ಭಾಗದಲ್ಲಿ ಬಿತ್ತು, ಯಾರ ಕಣ್ಣೆದುರು ಅಳತೆಯಾಯಿತು, ಯಾವ ಪಾಸಿನ ಮೇಲೆ ಡಿಪೋಗೆ ಬಂತು ಎಂಬುದನ್ನೆಲ್ಲ ಕಡತಗಳಲ್ಲಿ ಹಿಂದಕ್ಕೆ ಹುಡುಕುತ್ತ ಹೋಗಲು ಈ ಮುದ್ರೆಯೇ ದಾರಿ. ಮುದ್ರೆ ಇಲ್ಲದ ದಿಮ್ಮಿ ಕಳ್ಳಮಾಲು. ಸುಳ್ಳು ಮುದ್ರೆ ಒತ್ತುವುದು ಅಪರಾಧ.

ಮರದ ವ್ಯಾಪಾರಿಗಳಿಗೆ ಇದು ದಿನನಿತ್ಯದ ಸಂಗತಿ. ಆದರೆ ಕಾಡಿನ ಒಂದು ಮರಕ್ಕೆ ಹೀಗೆ ಸಂಖ್ಯೆ ಕೊಟ್ಟು, ಅದರ ಜಾಡು ಹಿಡಿಯುವ ಏರ್ಪಾಟು ತಾನಾಗಿ ಹುಟ್ಟಿದ್ದಲ್ಲ. ಬಹಳ ದೂರದ ಒಂದು ಸರ್ಕಾರಕ್ಕೆ ಒಂದು ಕಚ್ಚಾವಸ್ತು ತೀರಿಹೋದೀತೆಂಬ ಭಯ ಹುಟ್ಟಿದಾಗ, ಆ ಭಯದಿಂದ ಈ ಏರ್ಪಾಟು ಮೈತಳೆಯಿತು.

ಭಾರತ ಸರ್ಕಾರದ ಗಣಿ ಸಚಿವಾಲಯ 2023ರ ಜೂನ್ ತಿಂಗಳಲ್ಲಿ 30 ಖನಿಜಗಳ ಪಟ್ಟಿಯೊಂದನ್ನು ಪ್ರಕಟಿಸಿ, ಇವು ದೇಶಕ್ಕೆ ‘ನಿರ್ಣಾಯಕ ಖನಿಜಗಳು’ ಎಂದು ಸಾರಿತು. ಲಿಥಿಯಂ, ಕೋಬಾಲ್ಟ್, ನಿಕ್ಕಲ್, ಗ್ರಾಫೈಟ್, ವಿರಳ ಭಸ್ಮ ಧಾತುಗಳು ಆ ಪಟ್ಟಿಯಲ್ಲಿವೆ. ಪತ್ರಿಕೆ ಓದುವವರಿಗೆ ಇದು ಹೊಸ ಕಾಲದ ಹೊಸ ಚಿಂತೆಯಾಗಿ ಕಂಡಿರಬಹುದು. ಆದರೆ ಉತ್ತರ ಕನ್ನಡದ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳು ಇಂಥ ಪಟ್ಟಿಗಳೊಂದಿಗೆ ಇನ್ನೂರು ವರ್ಷಗಳಿಂದ ಬಾಳಿಕೊಂಡು ಬಂದಿವೆ. ಪಟ್ಟಿಯಲ್ಲಿನ ವಸ್ತು ಬದಲಾಗಿದೆ, ಪಟ್ಟಿ ಬರೆಯುವ ಊರು ಬದಲಾಗಿದೆ. ಲೆಕ್ಕ ಇಡುವ ಕಚೇರಿ ಮಾತ್ರ ಒಮ್ಮೆ ಬಂದದ್ದು ಹೋಗಿಲ್ಲ. ಅದು ಹೇಗೆ ಕಟ್ಟಲ್ಪಟ್ಟಿತು, ಯಾವುದನ್ನು ಕಂಡಿತು, ಯಾವುದನ್ನು ಕಾಣದೆ ಹೋಯಿತು ಎಂಬುದನ್ನು ಅರಿಯಲು ಕಾಳಿ ನದಿಯ ಈ ಸೀಮೆಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದು.

ಓಕ್ ಮರದ ಬರ

ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ನಿರ್ಣಾಯಕ ಕಚ್ಚಾವಸ್ತು ಓಕ್ ಮರ. ಎಪ್ಪತ್ನಾಲ್ಕು ತೋಪುಗಳ ಒಂದು ಯುದ್ಧನೌಕೆ ಕಟ್ಟಲು ಎರಡು ಸಾವಿರದಷ್ಟು ಬಲಿತ ಓಕ್ ಮರಗಳು ಬೇಕಾಗುತ್ತಿದ್ದವೆಂದು ಅಂದಾಜು. ನೆಪೋಲಿಯನ್ನನ ಜೊತೆಗಿನ ಯುದ್ಧಗಳು ಮುಗಿಯುವ ಲಕ್ಷಣ ಇರಲಿಲ್ಲ. ಇಂಗ್ಲೆಂಡಿನ ಓಕ್ ತೋಪುಗಳು ಬರಿದಾಗುತ್ತಿದ್ದವು. ಆಗ ಕಣ್ಣು ಬಿದ್ದದ್ದು ಭಾರತದ ಪಶ್ಚಿಮ ಕರಾವಳಿಯ ತೇಗದ ಮೇಲೆ. ಸಮುದ್ರದ ನೀರಿಗೂ ಹುಳುವಿಗೂ ಬೇಗ ಬಗ್ಗದ ಮರ ಅದು. ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಕುಶಲಿಗಳು ಅದರಿಂದ ಬ್ರಿಟಿಷ್ ನೌಕಾಪಡೆಗೆ ಹಡಗುಗಳನ್ನು ಕಟ್ಟುತ್ತಿದ್ದರು. 1817ರಲ್ಲಿ ಅಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಮಲಬಾರಿನ ತೇಗದ್ದು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಎಂಬ ಊರಿನಲ್ಲಿ ಅದನ್ನು ಇಂದಿಗೂ ತೇಲುವ ಸ್ಥಿತಿಯಲ್ಲೇ ಕಾಪಾಡಿ ಇಡಲಾಗಿದೆ.

ರಾಜನ ನೌಕಾಪಡೆ ಮಲಬಾರಿನ ತೇಗವನ್ನು ಎಷ್ಟರಮಟ್ಟಿಗೆ ನೆಚ್ಚಿಕೊಳ್ಳಬಹುದು ಎಂದು 1805ರಲ್ಲಿ ಲಂಡನ್ನಿನಿಂದ ಪ್ರಶ್ನೆ ಬಂತು. ಪ್ರಶ್ನೆಗೆ ಉತ್ತರ ಹುಡುಕಲು ಸಮಿತಿಯಾಯಿತು. 1806ರ ನವೆಂಬರ್‌ನಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿ ಕಾಡುಗಳ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡ. ಭಾರತದಲ್ಲಿ ಆ ಹುದ್ದೆಗೆ ಬಂದ ಮೊದಲಿಗನೀತ. ಮರುವರ್ಷವೇ, ತೇಗದ ಮೇಲಿನ ರಾಜಹಕ್ಕು ಕಂಪನಿಗೆ ಸೇರಿದ್ದು, ಅಪ್ಪಣೆಯಿಲ್ಲದೆ ಯಾರೂ ಕಡಿಯಕೂಡದು ಎಂಬ ಘೋಷಣೆ ಹೊರಟಿತು.

ಈ ಮೊದಲ ವ್ಯವಸ್ಥೆಯ ರಚನೆ ಬಹಳ ಸರಳ. ಮೇಲೆ ಒಬ್ಬ ಅಧಿಕಾರಿ, ಕೆಳಗೆ ಅವನ ಜವಾನರು, ನಡುವೆ ಏನೂ ಇಲ್ಲ. ಎಲ್ಲಿ ಎಷ್ಟು ಮರವಿದೆ ಎಂಬ ನಕ್ಷೆ ಇರಲಿಲ್ಲ. ಎಷ್ಟು ಕಡಿದರೆ ಎಷ್ಟು ಬೆಳೆದೀತು ಎಂಬ ಲೆಕ್ಕವಿರಲಿಲ್ಲ. ಸಂರಕ್ಷಣೆ ಎಂಬುದು ಹೆಸರಿಗೆ. ನಡೆದದ್ದು ಏಕಸ್ವಾಮ್ಯದ ಖರೀದಿ. ರೈತರೂ ವ್ಯಾಪಾರಿಗಳೂ ರೊಚ್ಚಿಗೆದ್ದರು. ಕೊನೆಗೆ ಮದರಾಸಿನ ಗವರ್ನರ್ ಥಾಮಸ್ ಮನ್ರೊ ಇದನ್ನು ಕಟುವಾಗಿ ಟೀಕಿಸಿ, 1823ರಲ್ಲಿ ಹುದ್ದೆಯನ್ನೇ ರದ್ದು ಮಾಡಿಸಿದ. ಟಿಪ್ಪುವಿನ ಪತನದ ನಂತರ, 1799ರಲ್ಲಿ, ಕೆನರಾ ಜಿಲ್ಲೆಯ ಮೊದಲ ಕಲೆಕ್ಟರ್ ಆಗಿ ಬಂದಿದ್ದವನೂ ಇದೇ ಮನ್ರೊ ಎಂಬುದನ್ನು ನೆನೆಯಬೇಕು. ಇಲ್ಲಿಯ ಜನ ಭೂಮಿಯ ಹಕ್ಕಿನ ವಿಷಯದಲ್ಲಿ ಎಷ್ಟು ಹಟಮಾರಿಗಳೆಂದು ಅವನು ಕಂಡವನು.

ಕಂಪನಿಯ ಹಕ್ಕಿಗೆ ಮೊದಲು ಈ ಕಾಡಿಗೆ ಒಡೆಯರೇ ಇರಲಿಲ್ಲವೆ? 1801ರಲ್ಲಿ ಕಾರವಾರದ ಕಡೆಯಿಂದ ಘಟ್ಟ ಹತ್ತಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಈ ಸೀಮೆಯಲ್ಲಿ ಕಾಡು ಆಯಾ ಊರಿನ ದೇವರ ಸೊತ್ತೆಂದು ಜನ ಹೇಳಿದರು. ಮರ ಕಡಿಯಬೇಕಾದರೆ ಊರಗೌಡನ ಅಪ್ಪಣೆ ಪಡೆಯಬೇಕು. ಆ ಗೌಡನೇ ಗ್ರಾಮದೇವತೆಯ ಪೂಜಾರಿಯೂ ಹೌದು. ಸರ್ಕಾರದ ಹಕ್ಕನ್ನು ತಪ್ಪಿಸಲು ಜನ ಹೂಡಿದ ಉಪಾಯವಿದು ಎಂದು ಬುಕಾನನ್ ಅನುಮಾನಪಟ್ಟ. ಉಪಾಯವೋ ನಂಬಿಕೆಯೋ, ಅದೂ ಒಂದು ಕಾವಲಿನ ವ್ಯವಸ್ಥೆಯೇ. ಮರ ಎಣಿಸುವವನು, ಅಪ್ಪಣೆ ಕೊಡುವವನು, ಮರ ಬೇಕಾದವನು, ಮೂವರೂ ಒಂದೇ ಊರಿನವರು ಎಂಬುದೊಂದೇ ವ್ಯತ್ಯಾಸ. ಮುಂದಿನ ಕಥೆಯೆಲ್ಲ ಈ ಮೂವರು ಒಬ್ಬರಿಂದೊಬ್ಬರು ದೂರವಾಗುತ್ತ ಹೋದ ಕಥೆ.

ಹಳಿಗಳ ಹಸಿವು

ವಾಟ್ಸನ್ನನ ಹುದ್ದೆ ಹೋಗಿ ಎರಡು ದಶಕ ಕಳೆಯುವಷ್ಟರಲ್ಲಿ ಮರದ ಅಭಾವದ ಮಾತು ಮತ್ತೆ ಎದ್ದಿತು. 1847ರಲ್ಲಿ ಮುಂಬಯಿ ಪ್ರಾಂತ್ಯ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯನನ್ನು ಕಾಡುಗಳ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. ಮದರಾಸು ಪ್ರಾಂತ್ಯದಲ್ಲಿ 1856ರಲ್ಲಿ ಅದೇ ಕೆಲಸಕ್ಕೆ ಬಂದ ಹ್ಯೂ ಕ್ಲೆಗ್‌ಹಾರ್ನ್ ಕೂಡ ವೈದ್ಯನೇ. ಆ ಕಾಲದಲ್ಲಿ ಸಸ್ಯಗಳ ಶಾಸ್ತ್ರೀಯ ತಿಳಿವಳಿಕೆ ಇದ್ದವರು ಕಂಪನಿಯ ವೈದ್ಯರೇ ಆಗಿದ್ದರಿಂದ ಇದು ಸಹಜವಾಗಿತ್ತು. ಉತ್ತರ ಕನ್ನಡ ಆಗಿನ್ನೂ ಮದರಾಸಿಗೆ ಸೇರಿತ್ತು. ಅದು ಮುಂಬಯಿಗೆ ಸೇರಿದ್ದು 1862ರಲ್ಲಿ.

ಈ ಸಲದ ಹಸಿವು ಹಡಗಿನದಕ್ಕಿಂತ ದೊಡ್ಡದು. ರೈಲು ಬಂದಿತ್ತು. ಒಂದು ಮೈಲಿ ಹಳಿ ಹಾಸಲು ಹದಿನೇಳುನೂರರಿಂದ ಎರಡು ಸಾವಿರದವರೆಗೆ ಸ್ಲೀಪರುಗಳು ಬೇಕು. ಗೆದ್ದಲು ತಿನ್ನದೆ, ಮಳೆಗೆ ಕೊಳೆಯದೆ ಬಾಳುವ ಮರದ ಜಾತಿಗಳು ಬೆರಳೆಣಿಕೆಯಷ್ಟು. ಸಾಗುವಾನಿ ಅವುಗಳಲ್ಲಿ ಮೊದಲನೆಯದು. ಹಳಿಯಾಳ, ಮುಂಡಗೋಡದ ಎಲೆ ಉದುರುವ ಕಾಡುಗಳೂ ಕಾಳಿಯ ಎರಡು ದಂಡೆಗಳೂ ಸಾಗುವಾನಿಗೆ ಹೆಸರಾದವು.

ಇದೇ ಹೊತ್ತಿನಲ್ಲಿ ಅಧಿಕಾರಿಗಳ ಕಣ್ಣು ‘ಕುಮರಿ’ಯ ಮೇಲೆ ಬಿತ್ತು. ಇಳಿಜಾರಿನ ಕಾಡನ್ನು ಕಡಿದು, ಒಣಗಿಸಿ, ಸುಟ್ಟು, ಬೂದಿಯಲ್ಲಿ ರಾಗಿ ಮೊದಲಾದವನ್ನು ಬಿತ್ತಿ, ಒಂದೆರಡು ಬೆಳೆ ತೆಗೆದು ಬೇರೆಡೆಗೆ ಹೋಗುವ ಬೇಸಾಯವದು. ಬಿಟ್ಟ ಜಾಗದಲ್ಲಿ ಹಲವು ವರ್ಷಗಳಲ್ಲಿ ಕಾಡು ಮತ್ತೆ ಏಳುತ್ತಿತ್ತು. ಬೆಲೆಬಾಳುವ ಮರ ಸುಟ್ಟು ಹಾಳಾಗುತ್ತದೆ ಎಂಬ ಕಾರಣಕ್ಕೆ 1860ರಲ್ಲಿ ಮದರಾಸು ಸರ್ಕಾರ ಕುಮರಿಯನ್ನು ತಡೆಯಿತು. ಅದನ್ನೇ ನಂಬಿದ್ದ ಜೋಯಿಡಾ ಸೀಮೆಯ ಕುಣಬಿಗಳಿಗೆ, ಮರ ಕಡಿಯುವುದು ಅಪರಾಧವಾದದ್ದಕ್ಕಿಂತ ಅಚ್ಚರಿ ತಂದದ್ದು ಅದೇ ಮರವನ್ನು ಸರ್ಕಾರವೇ ಕಡಿಸಿ ಗಾಡಿಗೆ ಹೇರತೊಡಗಿದ್ದು.

1864ರಲ್ಲಿ ಇಡೀ ದೇಶಕ್ಕೆ ಒಂದೇ ಅರಣ್ಯ ಇಲಾಖೆ ಸ್ಥಾಪನೆಯಾಯಿತು. ಜರ್ಮನಿಯ ಡೀಟ್ರಿಕ್ ಬ್ರಾಂಡಿಸ್ ಅದರ ಮೊದಲ ಇನ್‌ಸ್ಪೆಕ್ಟರ್ ಜನರಲ್. ಒಂದು ಕಚ್ಚಾವಸ್ತುವಿನ ದಾಸ್ತಾನನ್ನು ಸತತವಾಗಿ ಗಮನಿಸುತ್ತ, ಮುಂದಿನ ಹಲವು ದಶಕಗಳ ಪೂರೈಕೆಯನ್ನು ಈಗಲೇ ಲೆಕ್ಕ ಹಾಕುವ ರಾಷ್ಟ್ರೀಯ ಸಂಸ್ಥೆಯ ಅಚ್ಚು ಸಿದ್ಧವಾದದ್ದು ಇಲ್ಲಿ.

ಅದರ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮೇಲಿನಿಂದ ಕೆಳಗೆ ಅದು ಒಂದು ಏಣಿ. ಕೇಂದ್ರದಲ್ಲಿ ಇನ್‌ಸ್ಪೆಕ್ಟರ್ ಜನರಲ್, ಪ್ರಾಂತ್ಯಗಳಲ್ಲಿ ಸಂರಕ್ಷಣಾಧಿಕಾರಿಗಳು, ಅವರ ಕೆಳಗೆ ವೃತ್ತ, ವಿಭಾಗ, ವಲಯ, ಶಾಖೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಗಸ್ತು. ಅಲ್ಲಿರುವವನು ಗಾರ್ಡ್. ದಿನವೂ ಕಾಡನ್ನು ಕಣ್ಣಾರೆ ಕಾಣುವವನು ಅವನೊಬ್ಬನೇ. ಕಾಡನ್ನೂ ಹಾಗೆಯೇ ವಿಭಾಗಿಸಿ, ಕಂಪಾರ್ಟ್‌ಮೆಂಟ್ ಎಂಬ ಚಿಕ್ಕ ತುಂಡುಗಳಿಗೆ ಸಂಖ್ಯೆ ಕೊಡಲಾಯಿತು. ಪ್ರತಿ ವಿಭಾಗಕ್ಕೂ ‘ಕಾರ್ಯಯೋಜನೆ’ ಎಂಬ ಗ್ರಂಥ ಬಂತು. ಯಾವ ತುಂಡಿನಲ್ಲಿ ಎಷ್ಟು ಸುತ್ತಳತೆಯ ಎಷ್ಟು ಮರಗಳಿವೆ, ಯಾವ ವರ್ಷ ಎಲ್ಲಿ ಕಡಿಯಬೇಕು, ಮತ್ತೆ ಆ ಜಾಗಕ್ಕೆ ಯಾವಾಗ ಮರಳಬೇಕು ಎಂಬುದೆಲ್ಲ ಅದರಲ್ಲಿ ನಿಗದಿಯಾಗಿರುತ್ತದೆ. ಹಳಿಯಾಳ ಇಂದಿಗೂ ಒಂದು ಅರಣ್ಯ ವಿಭಾಗ. ಮುಂಡಗೋಡದ ಕಾಡು ಯಲ್ಲಾಪುರ ವಿಭಾಗಕ್ಕೆ ಸೇರುತ್ತದೆ. ಶಿರಸಿಯಲ್ಲಿ ಕೇಂದ್ರವಿರುವ ವೃತ್ತಕ್ಕೆ ‘ಕೆನರಾ ವೃತ್ತ’ ಎಂಬ ಹೆಸರು. ಜಿಲ್ಲೆಯ ಹೆಸರು ಬದಲಾದರೂ ಕಡತದ ಹೆಸರು ಬದಲಾಗಲಿಲ್ಲ.

ಅಳತೆಯ ಕ್ರಮವೂ ಗಮನಿಸುವಂಥದೇ. ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿದರೆ ಘನ ಅಳತೆ ಸಿಗುತ್ತದೆಂಬ ಸೂತ್ರ ಮರದ ವ್ಯಾಪಾರದಲ್ಲಿ ಬೇರೂರಿತು. ದುಂಡನೆಯ ದಿಮ್ಮಿಯಲ್ಲಿ ನಿಜವಾಗಿ ಇರುವ ಮರದ ನೂರರಲ್ಲಿ ಎಪ್ಪತ್ತೆಂಟು ಪಾಲಿನಷ್ಟನ್ನು ಮಾತ್ರ ಈ ಸೂತ್ರ ತೋರಿಸುತ್ತದೆ. ಉಳಿದದ್ದು ಕೊಯ್ಯುವಾಗ ಹೋಗುವ ಹೊರಪದರಿನ ಲೆಕ್ಕಕ್ಕೆ. ಎಂದರೆ ಲೆಕ್ಕದ ಪುಸ್ತಕ ಕಾಡಿನಲ್ಲಿರುವುದನ್ನು ಅಳೆಯಲಿಲ್ಲ, ಕೊಳ್ಳುವವನಿಗೆ ದಕ್ಕುವುದನ್ನು ಅಳೆಯಿತು.

1878ರ ಅರಣ್ಯ ಕಾನೂನು ಕಾಡನ್ನು ಕಾಯ್ದಿಟ್ಟ, ರಕ್ಷಿತ, ಗ್ರಾಮ ಅರಣ್ಯ ಎಂದು ಮೂರು ಬಗೆ ಮಾಡಿತು. ಕಾಯ್ದಿಟ್ಟ ಅರಣ್ಯದಲ್ಲಿ ಜನರ ಹಕ್ಕು ಇಲ್ಲವೆಂದೇ ಹೇಳಬೇಕು. ಇದ್ದದ್ದು ಸರ್ಕಾರ ಕೊಟ್ಟ ಸವಲತ್ತು. ಸೊಪ್ಪು, ಸೌದೆ, ಜೇನು, ಬೆತ್ತ, ಗೌಳಿಗರ ಎಮ್ಮೆಗಳ ಮೇವು, ಮೇದಾರರ ಬಿದಿರು ಇವೆಲ್ಲ ‘ಕಿರು ಉತ್ಪನ್ನ’ಗಳಾದವು. ಕಿರಿದೆಂದದ್ದು ಯಾರ ಪಾಲಿಗೆ ಎಂದು ಕೇಳುವವರಿರಲಿಲ್ಲ. ಅರಣ್ಯದ ಕುಂದುಕೊರತೆಗಳಿಂದ ಬೇಸತ್ತ ಜನ ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಈ ಜಿಲ್ಲೆಯಲ್ಲಿ ಅರಣ್ಯ ಸತ್ಯಾಗ್ರಹಕ್ಕೆ ಇಳಿದದ್ದಕ್ಕೆ ಇಂಥ ಪದಗಳೂ ಕಾರಣ.

ಯುದ್ಧಕಾಲದ ಮಂಡಳಿ

ಮೊದಲ ಮಹಾಯುದ್ಧ ಬಂದಾಗ ಮರವೊಂದನ್ನೇ ಕಾಯುವುದು ಸಾಲದಾಯಿತು. 1917ರಲ್ಲಿ ‘ಇಂಡಿಯನ್ ಮ್ಯುನಿಷನ್ಸ್ ಬೋರ್ಡ್’ ಎಂಬ ಮಂಡಳಿ ಹುಟ್ಟಿತು. ಅದರ ಅಧ್ಯಕ್ಷ ಸರ್ ಥಾಮಸ್ ಹಾಲೆಂಡ್. ಹಿಂದೆ ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ಮುಖ್ಯಸ್ಥನಾಗಿದ್ದವನು. ಮರ, ಚರ್ಮ, ಬಟ್ಟೆ, ಲೋಹ ಹೀಗೆ ಒಂದೊಂದು ವಸ್ತುವಿಗೆ ಒಬ್ಬೊಬ್ಬ ನಿಯಂತ್ರಕ. ಪ್ರಾಂತ್ಯಗಳಲ್ಲಿ ಬೇರೆ ನಿಯಂತ್ರಕರು. ದೇಶದಲ್ಲಿ ಏನು ಎಷ್ಟಿದೆ, ಯಾವುದನ್ನು ಹೊರಗಿನಿಂದ ತರಿಸಬೇಕು, ಯಾವುದನ್ನು ಇಲ್ಲೇ ಮಾಡಬಹುದು ಎಂಬ ಮಾಹಿತಿಯನ್ನು ಒಂದೇ ಮೇಜಿನ ಮೇಲೆ ತರುವುದು ಅದರ ಕೆಲಸ. ಬೇರೆ ಬೇರೆ ವಸ್ತುಗಳನ್ನು ‘ಯುದ್ಧಕ್ಕೆ ಅಗತ್ಯ’ ಎಂಬ ಒಂದೇ ತಕ್ಕಡಿಯಲ್ಲಿ ತೂಗುವ ಪದ್ಧತಿ ಇದರಿಂದ ರೂಢಿಯಾಯಿತು.

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲೇ ಅಳ್ನಾವರದಿಂದ ದಾಂಡೇಲಿಗೆ ರೈಲುಮಾರ್ಗ ಬಂತು. ಆಗ ದಾಂಡೇಲಿ ಪಟ್ಟಣವಲ್ಲ, ಕಾಡಿನ ನಡುವಿನ ಒಂದು ಹಳ್ಳಿ. ರೈಲು ಬಂದದ್ದು ಪ್ರಯಾಣಿಕರಿಗಾಗಿ ಅಲ್ಲ, ಮರಕ್ಕಾಗಿ. ಎರಡನೆಯ ಮಹಾಯುದ್ಧದಲ್ಲಿ ಸರಬರಾಜು ಇಲಾಖೆಯ ಅಡಿಯಲ್ಲಿ ಮರಕ್ಕೆಂದೇ ಪ್ರತ್ಯೇಕ ನಿರ್ದೇಶನಾಲಯ ಬಂತು. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದರು. ಭಾರತಕ್ಕೆ ತೇಗ ಹೇರಳವಾಗಿ ಬರುತ್ತಿದ್ದದ್ದು ಅಲ್ಲಿಂದಲೇ. ಆ ಬಾಗಿಲು ಮುಚ್ಚಿದ ಮೇಲೆ ಒಳನಾಡಿನ ಕಾಡುಗಳ ಮೇಲೆ ಭಾರ ಬಿತ್ತು. ವರ್ಷಗಟ್ಟಲೆ ಲೆಕ್ಕ ಹಾಕಿ ಬರೆದ ಕಾರ್ಯಯೋಜನೆಗಳನ್ನು ಯುದ್ಧದ ಬೇಡಿಕೆ ಬದಿಗೆ ಸರಿಸಿತು. ಕಾವಲು ಕಚೇರಿ ಎಷ್ಟೇ ಬಿಗಿಯಾಗಿರಲಿ, ಅದನ್ನು ಕಟ್ಟಿದವನ ಅವಸರಕ್ಕೆ ಅದು ಮಣಿಯಲೇಬೇಕು ಎಂಬುದಕ್ಕೆ ಇದು ಸಾಕ್ಷಿ.

ಬಿದಿರಿನ ಪಾಠ

ಸ್ವಾತಂತ್ರ್ಯಾನಂತರ ನಿರ್ಣಾಯಕ ವಸ್ತುಗಳ ಪಟ್ಟಿ ಮತ್ತೊಮ್ಮೆ ತಿರುವು ಪಡೆಯಿತು. ಹೊಸ ದೇಶಕ್ಕೆ ಶಾಲೆಗಳು ಬೇಕು, ಪುಸ್ತಕ ಬೇಕು, ಕಾಗದ ಬೇಕು. ಕಾಗದಕ್ಕೆ ಉದ್ದ ನಾರಿನ ಕಚ್ಚಾವಸ್ತು ಬೇಕು. ಅದುವರೆಗೆ ಕಾಡಿನ ಕಳೆಯೆಂದೇ ಅರಣ್ಯಾಧಿಕಾರಿಗಳು ಎಣಿಸುತ್ತಿದ್ದ ಬಿದಿರು ಒಮ್ಮೆಗೇ ಬೆಲೆಯ ವಸ್ತುವಾಯಿತು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಸ್ಥಾಪನೆಯಾಗಿ, ಕಾಳಿಯ ದಂಡೆಯ ಮೇಲೆ ದಾಂಡೇಲಿಯಲ್ಲಿ 1959ರಲ್ಲಿ ಉತ್ಪಾದನೆ ಆರಂಭಿಸಿತು. ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು. ದಾಂಡೇಲಿ ಊರಾಯಿತು, ನಗರವಾಯಿತು, ಈಚೆಗೆ ಪ್ರತ್ಯೇಕ ತಾಲ್ಲೂಕೂ ಆಯಿತು. ಕಾರ್ಖಾನೆಗೆ ಬಿದಿರು ಸಿಕ್ಕದ್ದು ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ.

ದರ ಅಷ್ಟು ಕಡಿಮೆಯಾದದ್ದೇಕೆ? ಲೆಕ್ಕದ ಪ್ರಕಾರ ಬಿದಿರು ಅಪಾರವಾಗಿತ್ತು. ಎಷ್ಟು ಕಡಿದರೂ ಮಳೆಗಾಲಕ್ಕೆ ಮತ್ತೆ ಮೊಳೆಯುವ ವಸ್ತು ತೀರುವುದೆಂತು? ಆದರೆ ಒಂದೂವರೆ ದಶಕದೊಳಗೆ ಬಿದಿರು ಸಿಗದೆಂಬ ದೂರು ಎದ್ದಿತು. ಮೊದಲು ಕೂಗಿದವರು ಬುಟ್ಟಿ, ಮೊರ, ತಟ್ಟಿ ಹೆಣೆಯುವ ಜನ. 1970ರ ದಶಕದ ನಡುವಿನಲ್ಲಿ ರಾಜ್ಯ ಸರ್ಕಾರ ಬಿದಿರಿನ ಸ್ಥಿತಿಗತಿಯನ್ನು ಅರಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಗಾಡ್ಗೀಳರಿಗೆ ಕೆಲಸ ವಹಿಸಿತು. ಅವರೂ ಎಸ್. ನರೇಂದ್ರ ಪ್ರಸಾದರೂ ಕಾಡು ಸುತ್ತಿ ಮೆಳೆ ಮೆಳೆ ಎಣಿಸಿದರು.

ಕಂಡದ್ದು ಎರಡು ಸಂಗತಿ. ಮೊದಲನೆಯದು, ಕಾಗದದ ಮೇಲೆ ಬರೆದ ದಾಸ್ತಾನು ಕಾಡಿನಲ್ಲಿದ್ದ ದಾಸ್ತಾನಿಗಿಂತ ಬಹಳ ಹೆಚ್ಚಿನದು. ಇಲ್ಲದ ಬಿದಿರನ್ನು ಇದೆಯೆಂದು ನಂಬಿ ಕಡಿಯಲು ಅನುಮತಿ ಕೊಡಲಾಗಿತ್ತು. ಎರಡನೆಯದು ಇನ್ನೂ ಸ್ವಾರಸ್ಯದ್ದು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡು ಬೇಲಿಯಂತೆ ಇರುತ್ತವೆ. ಕಾರ್ಖಾನೆಗೆ ಬಿದಿರು ಕಡಿಯುವವರು ಒಳಗೆ ಕೈಹಾಕಲು ಅನುಕೂಲವಾಗಲೆಂದು ಈ ಮುಳ್ಳನ್ನು ಸವರಿ, ಬುಡವನ್ನು ಚೊಕ್ಕಟ ಮಾಡುತ್ತಿದ್ದರು. ಹಾಗೆ ಮಾಡುವುದು ಮೆಳೆಗೆ ಒಳ್ಳೆಯದೆಂಬ ನಂಬಿಕೆಯೂ ಇತ್ತು. ಆದದ್ದು ವಿರುದ್ಧ. ಮಳೆಗಾಲದಲ್ಲಿ ಏಳುವ ಎಳೆಯ ಕಳಲೆಗೆ ಮುಳ್ಳಿನ ಆಸರೆ ಇಲ್ಲದೆ ದನಕರುಗಳಿಗೂ ಕಾಡುಪ್ರಾಣಿಗಳಿಗೂ ಸುಲಭದ ಮೇವಾಯಿತು. ಹಳೆಯ ಗಳ ಕಡಿದುಹೋಯಿತು, ಹೊಸದು ಮೇಲೇಳಲಿಲ್ಲ. ಊರವರು ತಮಗೆ ಬೇಕಾದ ಗಳವನ್ನು ಮೇಲಿನಿಂದ ಕಡಿದು, ಮುಳ್ಳನ್ನು ಹಾಗೆಯೇ ಬಿಡುತ್ತಿದ್ದರು. ಅದು ಸೋಮಾರಿತನವೆಂದು ತಿಳಿದಿದ್ದವರಿಗೆ ಅದರ ಹಿಂದಿದ್ದ ವಿವೇಕ ಕಂಡದ್ದು ತಡವಾಗಿ.

ಕಾರ್ಯಯೋಜನೆಯಲ್ಲಿ ಗಳಗಳ ಸಂಖ್ಯೆಗೆ ಕಾಲಂ ಇತ್ತು, ಮುಳ್ಳಿಗೆ ಕಾಲಂ ಇರಲಿಲ್ಲ. ಮೇದಾರನಿಗೂ ಕುಣಬಿಗೂ ಗೊತ್ತಿದ್ದ ಸಂಗತಿಯನ್ನು ಬರೆದುಕೊಳ್ಳಲು ಏಣಿಯ ಯಾವ ಮೆಟ್ಟಿಲಿನಲ್ಲೂ ಜಾಗವಿರಲಿಲ್ಲ. ನಷ್ಟವನ್ನು ಇಬ್ಬರೂ ಉಂಡರು. ಆದರೆ ಸಮನಾಗಿ ಅಲ್ಲ. ಕಾರ್ಖಾನೆಗೆ ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ತರಿಸಲು, ನೀಲಗಿರಿಯಂಥ ಮರಗಳ ಕಡೆ ತಿರುಗಲು ದಾರಿಯಿತ್ತು. ಬುಟ್ಟಿ ಹೆಣೆಯುವವನಿಗೆ ಇನ್ನೊಂದು ಕಾಡಿರಲಿಲ್ಲ.

ನೆಲದಡಿಯ ಲೆಕ್ಕ

ಇದೇ ಕಾಡಿನ ನೆಲದಡಿಯಲ್ಲಿ ಮ್ಯಾಂಗನೀಸ್ ಅದಿರಿದೆ. ಉಕ್ಕಿಗೆ ಗಟ್ಟಿತನ ಕೊಡುವ ಈ ಲೋಹಕ್ಕೆ ಎರಡು ಮಹಾಯುದ್ಧಗಳ ಕಾಲದಲ್ಲಿ ಜಗತ್ತಿನಾದ್ಯಂತ ಬೇಡಿಕೆಯಿತ್ತು. ಜೋಯಿಡಾ, ದಾಂಡೇಲಿ ಸುತ್ತಿನ ಕಾಡುಗಳಲ್ಲಿ ದಶಕಗಳ ಕಾಲ ಅದನ್ನು ಅಗೆದರು. ದಾಂಡೇಲಿಯಲ್ಲಿ ಫೆರೊ ಮ್ಯಾಂಗನೀಸ್ ಕಾರ್ಖಾನೆಯೂ ನಡೆದು, ಮುಚ್ಚಿತು. ಕಾಡಿನ ಮೇಲಣ ಲೆಕ್ಕ ಅರಣ್ಯ ಇಲಾಖೆಯದಾದರೆ, ನೆಲದಡಿಯ ಲೆಕ್ಕ ಬೇರೆಯೇ ಒಂದು ಸಂಸ್ಥೆಯದು.

ಆ ಸಂಸ್ಥೆಯೇ ‘ಇಂಡಿಯನ್ ಬ್ಯೂರೋ ಆಫ್ ಮೈನ್ಸ್’, ಭಾರತೀಯ ಗಣಿ ಬ್ಯೂರೋ. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಮಾರ್ಚ್ 1ರಂದು ಸ್ಥಾಪನೆಯಾದ ಇದರ ಕೇಂದ್ರ ಕಚೇರಿ ಈಗ ನಾಗಪುರದಲ್ಲಿದೆ. ಮುಖ್ಯಸ್ಥನಿಗೆ ಮಹಾನಿಯಂತ್ರಕ ಎಂಬ ಪದವಿ. ಗಣಿಗಳ ಮೇಲಿನ ನಿಯಂತ್ರಣಕ್ಕೆ ಒಂದು ವಿಭಾಗ, ಅದಿರು ಶುದ್ಧೀಕರಣಕ್ಕೆ ಒಂದು, ಅಂಕಿಸಂಖ್ಯೆಗೆ ಒಂದು, ಖನಿಜಗಳ ಅರ್ಥಶಾಸ್ತ್ರಕ್ಕೆ ಒಂದು. ಕೆಳಗೆ ವಲಯ ಕಚೇರಿಗಳು, ಪ್ರಾದೇಶಿಕ ಕಚೇರಿಗಳು, ಬೆಂಗಳೂರಿನಲ್ಲೂ ಒಂದಿದೆ. ಗಣಿಯ ಮಾಲೀಕ ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಷ್ಟು ಅಗೆದೆ, ಎಷ್ಟು ಮಾರಿದೆ, ಎಷ್ಟು ಉಳಿದಿದೆ ಎಂದು ವರದಿ ಸಲ್ಲಿಸಬೇಕು. ಕಾಡಿಗೆ ಕಾರ್ಯಯೋಜನೆ ಇರುವಂತೆ ಗಣಿಗೆ ಗಣಿ ಯೋಜನೆ. ಈ ವರದಿಗಳೆಲ್ಲ ಸೇರಿ ಖನಿಜಗಳ ವಾರ್ಷಿಕ ಗ್ರಂಥವೂ ರಾಷ್ಟ್ರೀಯ ಖನಿಜ ದಾಸ್ತಾನು ಪಟ್ಟಿಯೂ ಸಿದ್ಧವಾಗುತ್ತವೆ.

ಬ್ಯೂರೋ ಒಂದೇ ಅಲ್ಲ. ಅದಿರನ್ನು ಹುಡುಕುವುದು 1851ರಷ್ಟು ಹಳೆಯದಾದ ಭೂವಿಜ್ಞಾನ ಸರ್ವೇಕ್ಷಣೆಯ ಕೆಲಸ. ಅಣುಶಕ್ತಿಗೆ ಸಂಬಂಧಿಸಿದ ಖನಿಜಗಳಿಗೆ ಹೈದರಾಬಾದಿನಲ್ಲಿ ಪ್ರತ್ಯೇಕ ನಿರ್ದೇಶನಾಲಯವಿದೆ. ಹೊರದೇಶಗಳಲ್ಲಿ ಗಣಿಗಳನ್ನು ಹಿಡಿಯಲು 2019ರಲ್ಲಿ ಮೂರು ಸರ್ಕಾರಿ ಉದ್ಯಮಗಳು ಸೇರಿ ‘ಕಾಬಿಲ್’ ಎಂಬ ಕಂಪನಿ ಕಟ್ಟಿದವು. 2025ರ ಜನವರಿಯಲ್ಲಿ ಕೇಂದ್ರ ಸಂಪುಟ 16,300 ಕೋಟಿ ರೂಪಾಯಿಗಳ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. ಹುಡುಕುವವರು, ಎಣಿಸುವವರು, ಹರಾಜು ಹಾಕುವವರು, ಹೊರಗಿನಿಂದ ತರುವವರು ಇವರೆಲ್ಲರ ಕೆಲಸವನ್ನು ಒಂದು ಸೂತ್ರಕ್ಕೆ ತರುವುದು ಅದರ ಉದ್ದೇಶ. ನೂರು ವರ್ಷದ ಹಿಂದಿನ ಮ್ಯುನಿಷನ್ಸ್ ಬೋರ್ಡಿನ ನೆನಪಾಗದೆ ಇರದು.

ಬಿದಿರಿನ ಪಾಠ ಇಲ್ಲಿಯೂ ಅನ್ವಯಿಸುತ್ತದೆ. ನೆಲದಡಿ ಇದೆಯೆಂದು ಊಹಿಸಿದ ಅದಿರು ಬೇರೆ, ಇದೆಯೆಂದು ಕೊರೆದು ನೋಡಿದ ಅದಿರು ಬೇರೆ, ಲಾಭವಾಗುವಂತೆ ತೆಗೆಯಬಹುದಾದ ಅದಿರು ಮತ್ತೂ ಬೇರೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಪ್ರದೇಶದಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಸರ್ಕಾರ ಆಮೇಲೆ ಅಧಿಕೃತವಾಗಿ ಹೇಳಿದ್ದು 1,600 ಟನ್. ಅದೂ ಅಂದಾಜಿನ ಹಂತದ ಅಂಕಿ. ಅಂಕಿಯ ಮುಂದೆ ‘ಅಂದಾಜು’ ಎಂಬ ಮಾತನ್ನು ಓದದವರು ಮೋಸಹೋಗುತ್ತಾರೆ.

ಪಟ್ಟಿ ಬರೆಯುವವರು ಯಾರು?

ಒಂದು ವಸ್ತು ನಿರ್ಣಾಯಕವೋ ಅಲ್ಲವೋ ಎಂದು ತೀರ್ಮಾನಿಸಲು ಇಂದು ಎರಡು ಅಳತೆಗೋಲುಗಳಿವೆ. ದೇಶದ ಆರ್ಥಿಕತೆಗೆ ಅದು ಎಷ್ಟು ಮುಖ್ಯ ಎಂಬುದೊಂದು. ಅದರ ಪೂರೈಕೆ ಕಡಿದುಹೋಗುವ ಅಪಾಯ ಎಷ್ಟು ಎಂಬುದಿನ್ನೊಂದು. ಯುರೋಪಿನ ಒಕ್ಕೂಟ ಬಳಸುವ ಈ ವಿಧಾನವನ್ನು ಭಾರತದ ಸಮಿತಿಯೂ ಪರಿಗಣಿಸಿತು. ಈ ಅಳತೆಯಲ್ಲಿ ತೂಗಿದಾಗ ಜೋಯಿಡಾದ ಮ್ಯಾಂಗನೀಸ್ 2023ರ ಭಾರತದ ಪಟ್ಟಿಗೆ ಬರಲಿಲ್ಲ. ಅಮೆರಿಕ ತನ್ನ ಪಟ್ಟಿಯಲ್ಲಿ ಮ್ಯಾಂಗನೀಸನ್ನು ಸೇರಿಸಿಕೊಂಡಿದೆ. ಕಲ್ಲು ಅದೇ, ಬೇರೆಯಾದದ್ದು ಗರಜು. ಜೋಯಿಡಾ ಸೀಮೆಯ ಬಹುಭಾಗ ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಗೆದ ಗುಂಡಿಗಳ ಸುತ್ತ ಕಾಡು ಮತ್ತೆ ಹಬ್ಬುತ್ತಿದೆ. ಅಲ್ಲಿ ಈಗ ಲೆಕ್ಕ ಹಿಡಿಯುವುದು ಹುಲಿಯ ಹೆಜ್ಜೆಯನ್ನು.

ಪಟ್ಟಿ ಸೇರುವುದೆಂದರೆ ಬರಿಯ ಗೌರವವಲ್ಲ. 2023ರ ತಿದ್ದುಪಡಿಯ ಪ್ರಕಾರ 24 ನಿರ್ಣಾಯಕ ಖನಿಜಗಳ ಗಣಿಗಳನ್ನು ಹರಾಜು ಹಾಕುವ ಅಧಿಕಾರ ಕೇಂದ್ರಕ್ಕೆ ಮಾತ್ರ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲವೆಂದು ವಿನಾಯಿತಿ ಕೊಟ್ಟಿತು. ರಕ್ಷಣೆಗೂ ಇಂಧನಕ್ಕೂ ಬೇಕಾದ ವಸ್ತುವಿಗೆ ವಿಳಂಬವಾಗಬಾರದು ಎಂಬುದು ಅದರ ಕಾರಣ. ಕಾರಣ ಪೊಳ್ಳಲ್ಲ. ಬ್ಯಾಟರಿ ಬೇಕು, ಸೌರಫಲಕ ಬೇಕು. ಒಂದೇ ದೇಶದ ಕೈಯಲ್ಲಿ ಜುಟ್ಟು ಕೊಟ್ಟು ಕೂರುವುದೂ ಜಾಣತನವಲ್ಲ. ಆದರೆ ಅಹವಾಲು ಸಭೆ ಎಂಬುದು ಊರವರು ತಮ್ಮ ಗೋಳು ತೋಡಿಕೊಳ್ಳುವ ಜಾಗ ಮಾತ್ರವಲ್ಲ. ನಾಗಪುರದ ಕಾಲಂಗಳಲ್ಲಿ ಇಲ್ಲದ ಸಂಗತಿ ಕಡತಕ್ಕೆ ಸೇರುವ ಕಿಂಡಿಯೂ ಅದೇ. ಬಿದಿರಿನ ಮುಳ್ಳಿನ ಮಾತನ್ನು 1959ರಲ್ಲೇ ಯಾರಾದರೂ ಕೇಳಿಸಿಕೊಂಡಿದ್ದರೆ ಕಾರ್ಖಾನೆಗೂ ಲಾಭವಾಗುತ್ತಿತ್ತು.

ಪಟ್ಟಿಗಳು ಬದಲಾಗಬಲ್ಲವು ಎಂಬುದಕ್ಕೆ ಬಿದಿರೇ ಕೊನೆಯ ಉದಾಹರಣೆ. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲು. 1927ರ ಅರಣ್ಯ ಕಾನೂನಿನ ಪ್ರಕಾರ ಅದು ಮರ. ಮರವೆಂದು ಬರೆದ ಒಂದೇ ಮಾತಿನಿಂದ ಅದನ್ನು ಕಡಿಯಲು, ಸಾಗಿಸಲು ಪಾಸು ಬೇಕಾಯಿತು. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಾಡಿನ ಜನರಿಗೆ ಹಕ್ಕಿರುವ ಕಿರು ಉತ್ಪನ್ನಗಳಲ್ಲಿ ಸೇರಿಸಿತು. ಕಾಡಿನ ಹೊರಗೆ ಬೆಳೆದ ಬಿದಿರು ಮರವಲ್ಲವೆಂದು ಕೇಂದ್ರ ಒಪ್ಪಿಕೊಂಡದ್ದು 2017ರಲ್ಲಿ. ಹುಲ್ಲನ್ನು ಹುಲ್ಲೆಂದು ಕರೆಯಲು ಸರ್ಕಾರಕ್ಕೆ ತೊಂಬತ್ತು ವರ್ಷ ಹಿಡಿಯಿತು.

ಹಳಿಯಾಳ, ಮುಂಡಗೋಡದ ವಾರದ ಸಂತೆಗೆ ಬುಟ್ಟಿ, ಮೊರ ಹೊತ್ತು ಬರುವ ಮೇದಾರರಿಗೆ ಇದು ಮೊದಲೇ ಗೊತ್ತಿತ್ತು. ಅವರನ್ನು ಯಾವ ಸಮಿತಿಯೂ ಕೇಳಿರಲಿಲ್ಲ, ಅಷ್ಟೇ.